ಬಾಯಿಯ ಹೊಸ್ತಿಲಿನ ಕಾವಲು

ಮನುಷ್ಯದೇಹದ ನವದ್ವಾರಗಳಲ್ಲಿ ಬಾಯಿಯಷ್ಟು ದುಡಿಯುವ ದ್ವಾರವು ಮತ್ತೊಂದಿಲ್ಲ. ಅನ್ನವೂ ನೀರೂ ಅದರ ಮೂಲಕವೇ ಒಳಗೆ ಹೋಗಬೇಕು. ಮಾತು ಅದರ ಮೂಲಕವೇ ಹೊರಗೆ ಬರಬೇಕು. ಹಸುಳೆಯಾಗಿದ್ದಾಗಲಂತೂ ಕೈಗೆ ಸಿಕ್ಕಿದ್ದೆಲ್ಲವೂ ಅದರೊಳಕ್ಕೇ ಹೋಗುವುದು. ಅಲ್ಲಿ ಸದಾ ಬೆಚ್ಚಗಿರುವುದು, ಸದಾ ತೇವವಿರುವುದು, ಹೊತ್ತುಹೊತ್ತಿಗೆ ಆಹಾರವೂ ಬಂದು ಬೀಳುವುದು. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಅನುಕೂಲವಾದ ಛತ್ರವು ಬೇರೆ ಎಲ್ಲಿದೆ? ಮಳೆಗಾಲದಲ್ಲಿ ಉಪ್ಪಿನಕಾಯಿಯ ಜಾಡಿಯನ್ನು ಸರಿಯಾಗಿ ಮುಚ್ಚದೆ ಬಿಟ್ಟರೆ ನಾಲ್ಕು ದಿನಗಳಲ್ಲಿ ಬೂಷ್ಟು ಹಿಡಿಯುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಹಾಗಿರುವಾಗ ನಮ್ಮ ಬಾಯಿಗೇಕೆ ಬೂಷ್ಟು ಹಿಡಿಯುವುದಿಲ್ಲ?

ಇದು ನಗೆಗಾಗಿ ಕೇಳಿದ ಪ್ರಶ್ನೆಯಲ್ಲ. ಬಾಯಿಗೂ ಬೂಷ್ಟು ಹಿಡಿಯುವುದುಂಟು. ಎಳೆಯ ಕೂಸಿನ ನಾಲಿಗೆಯ ಮೇಲೂ ಕೆನ್ನೆಯ ಒಳಗಡೆಯೂ ಒಡೆದ ಹಾಲಿನ ಹಾಗೆ ಬಿಳಿಯ ಮಚ್ಚೆಗಳು ಕಾಣಿಸಿಕೊಳ್ಳುವುದನ್ನು ಅನೇಕ ಮನೆಗಳಲ್ಲಿ ನೋಡಿರಬಹುದು. ಕಟ್ಟಿಸಿದ ಹಲ್ಲುಗಳನ್ನು ಇಟ್ಟುಕೊಳ್ಳುವ ವೃದ್ಧರ ಅಂಗಳವು ಕೆಂಪಾಗಿ ಉರಿಯುವುದನ್ನೂ ಕಂಡಿರಬಹುದು. ಇವೆರಡಕ್ಕೂ ಕಾರಣವಾದುದು ಬಹುಮಟ್ಟಿಗೆ ಒಂದೇ ಜಾತಿಯ ಶಿಲೀಂಧ್ರ. ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಶಿಲೀಂಧ್ರವು ಎಲ್ಲಿಂದಲೋ ಹೊಸದಾಗಿ ಬಂದು ನಮ್ಮನ್ನು ಹಿಡಿಯಬೇಕಾಗಿಲ್ಲ. ಆರೋಗ್ಯವಾಗಿರುವ ಜನರಲ್ಲಿಯೇ ಸುಮಾರು ಅರ್ಧದಷ್ಟು ಮಂದಿಯ ಬಾಯಲ್ಲಿ ಅದು ಸದ್ದಿಲ್ಲದೆ ವಾಸಮಾಡಿಕೊಂಡಿರುವುದು. ಈ ಲೇಖನವನ್ನು ಓದುತ್ತಿರುವ ಇಬ್ಬರು ವಾಚಕರಲ್ಲಿ ಒಬ್ಬರ ಬಾಯಲ್ಲಿ ಅದು ಈ ಗಳಿಗೆಯಲ್ಲಿಯೂ ಇರಬಹುದು. ಅದು ಇದ್ದೂ ರೋಗವಾಗದಂತೆ ನೋಡಿಕೊಳ್ಳುವವರು ಯಾರು? ಅದನ್ನು ಅರಿಯುವುದೇ ಇಲ್ಲಿಯ ಉದ್ದೇಶ.

ಮೊದಲು ಈ ಅತಿಥಿಯ ನಾಮಧೇಯವನ್ನು ಕೇಳಿಕೊಳ್ಳೋಣ. ಶಾಸ್ತ್ರಜ್ಞರು ಇದನ್ನು ಕ್ಯಾಂಡಿಡಾ ಅಲ್ಬಿಕನ್ಸ್ ಎಂದು ಕರೆಯುವರು. ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಂಡಿಡಾ’ ಎಂದರೆ ಬಿಳಿಯದು, ಬೆಳ್ಳನೆ ಹೊಳೆಯುವುದು ಎಂದರ್ಥ. ಪ್ರಾಚೀನ ರೋಮಿನಲ್ಲಿ ಅಧಿಕಾರಸ್ಥಾನವನ್ನು ಬಯಸಿ ಜನರ ಮುಂದೆ ನಿಲ್ಲುತ್ತಿದ್ದವರು ಬೆಳ್ಳಗೆ ಮಾಡಿದ ನಿಲುವಂಗಿಯನ್ನು ತೊಡುತ್ತಿದ್ದರು. ಚುನಾವಣೆಯ ಕಾಲದಲ್ಲಿ ನಾವು ಕೇಳುವ ‘ಕ್ಯಾಂಡಿಡೇಟ್’ ಎಂಬ ಮಾತೂ ಅದರಿಂದಲೇ ಹುಟ್ಟಿದುದು. ‘ಅಲ್ಬಿಕನ್ಸ್’ ಎಂದರೆ ಬೆಳ್ಳಗಾಗುತ್ತಿರುವುದು. ಎಂದರೆ ‘ಬೆಳ್ಳಗಾಗುತ್ತಿರುವ ಬಿಳಿ’ ಎಂದು ಹೆಸರಿಟ್ಟಂತಾಯಿತು. ನಮ್ಮ ಅಲಂಕಾರಶಾಸ್ತ್ರದ ಪಂಡಿತರ ಕೈಗೆ ಸಿಕ್ಕಿದ್ದರೆ ಇದಕ್ಕೆ ಪುನರುಕ್ತಿದೋಷವನ್ನು ಹೇಳದೆ ಬಿಡುತ್ತಿರಲಿಲ್ಲ. ಆದರೆ ಇದು ಒಬ್ಬರೇ ಇಟ್ಟ ಹೆಸರಲ್ಲ. ‘ಅಲ್ಬಿಕನ್ಸ್’ ಎಂಬ ಭಾಗವನ್ನು ೧೮೫೩ರಲ್ಲಿ ಫ್ರಾನ್ಸಿನ ಷಾರ್ಲ್ ರೋಬೆನ್ ಅವರು ಕೊಟ್ಟರು. ‘ಕ್ಯಾಂಡಿಡಾ’ ಎಂಬ ಕುಲನಾಮವನ್ನು ೧೯೨೩ರಲ್ಲಿ ಹಾಲೆಂಡಿನ ಕ್ರಿಸ್ಟೀನ್ ಬೆರ್ಕ್‌ಹೌಟ್ ಎಂಬ ವಿದುಷಿಯು ಕೊಟ್ಟಳು. ಎಪ್ಪತ್ತು ವರ್ಷಗಳ ಅಂತರದಲ್ಲಿ ಇಬ್ಬರಿಗೂ ಮೊದಲು ಕಣ್ಣಿಗೆ ಬಿದ್ದುದು ಆ ಬಿಳುಪೇ ಎನ್ನುವುದಷ್ಟೆ ಇದರಿಂದ ತಿಳಿಯುವುದು.

ರೋಗವು ಹಳೆಯದು. ಗ್ರೀಕರ ಹಿಪ್ಪಾಕ್ರಟೀಸನ ಪರಂಪರೆಯ ಗ್ರಂಥಗಳಲ್ಲಿ ದುರ್ಬಲರ ಬಾಯಲ್ಲಿ ಏಳುವ ಇಂತಹ ಹುಣ್ಣುಗಳ ಮಾತಿದೆ. ನಮ್ಮ ಪೂರ್ವಿಕರೂ ಬಾಯಿಯ ರೋಗಗಳನ್ನು ಅಲಕ್ಷ್ಯಮಾಡಿದವರಲ್ಲ. ಸುಶ್ರುತಸಂಹಿತೆಯಲ್ಲಿ ನಿದಾನಸ್ಥಾನದ ಕೊನೆಯ ಅಧ್ಯಾಯವು ಮುಖರೋಗಗಳಿಗೇ ಮೀಸಲಾಗಿದ್ದು, ಅಲ್ಲಿ ೬೫ ರೋಗಗಳನ್ನು ಎಣಿಸಿದೆ. ಹಾಗೆಂದು ಸೂಕ್ಷ್ಮದರ್ಶಕಯಂತ್ರವಿಲ್ಲದ ಕಾಲದಲ್ಲಿ ಅವರು ಶಿಲೀಂಧ್ರವನ್ನು ಕಂಡಿದ್ದರೆಂದು ಸಾಧಿಸಹೊರಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರದಲ್ಲದ ಒಡವೆಯನ್ನು ಅವರ ಕೊರಳಿಗೆ ತೊಡಿಸಿದಂತಾಗುವುದು. ಶಿಲೀಂಧ್ರವನ್ನು ಕಂಡವರು ಹತ್ತೊಂಬತ್ತನೆಯ ಶತಮಾನದವರು. ೧೮೩೯ರಲ್ಲಿ ಜರ್ಮನಿಯ ಲಾಂಗೆನ್‌ಬೆಕ್ ಎಂಬ ಶಸ್ತ್ರವೈದ್ಯರು ಜ್ವರದ ರೋಗಿಯೊಬ್ಬನಲ್ಲಿ ಇದನ್ನು ನೋಡಿ, ಆ ಜ್ವರಕ್ಕೇ ಇದು ಕಾರಣವಿರಬೇಕೆಂದು ಭಾವಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಬೆರ್ಗ್, ಪ್ಯಾರಿಸಿನ ಗ್ರೂಬಿ ಮುಂತಾದವರು ಶಿಶುಗಳ ಬಾಯಿಯ ಬಿಳಿಮಚ್ಚೆಗೆ ಈ ಶಿಲೀಂಧ್ರವೇ ಕಾರಣವೆಂದು ತೋರಿಸಿದರು.

ಈ ಜೀವಿಗೆ ಎರಡು ವೇಷಗಳುಂಟು; ಮುಂದಿನ ಕಥೆಯೆಲ್ಲವೂ ಇದನ್ನೇ ಅವಲಂಬಿಸಿದೆಯಾದ್ದರಿಂದ ವಾಚಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ವೇಷದಲ್ಲಿ ಅದು ದುಂಡಗೆ, ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ಕಣದಂತೆಯೇ ಇರುವುದು. ಅಂತಹ ೨೦೦ ಕಣಗಳನ್ನು ಸಾಲಾಗಿ ಇಟ್ಟರೆ ಹೆಚ್ಚುಕಡಮೆ ಒಂದು ಮಿಲಿಮೀಟರ್ ಆದೀತು. ಈ ಸ್ಥಿತಿಯಲ್ಲಿ ಅದು ಮೊಗ್ಗೊಡೆದು ಒಂದಕ್ಕೆ ಎರಡಾಗುತ್ತ, ಎಂಜಲಿನಲ್ಲಿ ತೇಲುತ್ತ, ಯಾರಿಗೂ ತೊಂದರೆಕೊಡದೆ ಕಾಲಕಳೆಯುವುದು. ಇನ್ನೊಂದು ವೇಷದಲ್ಲಿ ಅದೇ ದುಂಡನೆಯ ಕಣದಿಂದ ಒಂದು ಮೊಳಕೆ ಹೊರಟು, ನೀಳವಾದ ಎಳೆಯಾಗಿ ಬೆಳೆಯುತ್ತ ಹೋಗುವುದು. ಪ್ರಯೋಗಶಾಲೆಯಲ್ಲಿ ಈ ಕಣಗಳನ್ನು ರಕ್ತದ ತಿಳಿದ್ರವದಲ್ಲಿಟ್ಟು ದೇಹದ ಬಿಸಿಯಲ್ಲಿ ಕಾಪಾಡಿದರೆ ಎರಡು ಮೂರು ಗಂಟೆಗಳೊಳಗಾಗಿ ಮೊಳಕೆಗಳನ್ನು ಕಣ್ಣಾರೆ ಕಾಣಬಹುದು. ದುಂಡನೆಯದು ಅತಿಥಿ, ಎಳೆಯಾಗಿ ಚಾಚಿಕೊಂಡದ್ದು ಗೋಡೆಗೆ ಕನ್ನವಿಡಲು ಹೊರಟ ಕಳ್ಳ. ಮನುಷ್ಯ ಒಬ್ಬನೇ, ನಡತೆ ಎರಡು.

ಇನ್ನು ಕಾವಲಿನ ವಿಚಾರ. ದೇಹವು ರೋಗಾಣುಗಳೊಡನೆ ಹೋರಾಡುವುದೆಂದರೆ ಬಿಳಿಯ ರಕ್ತಕಣಗಳು ಹೋರಾಡುವುವೆಂದೇ ನಾವು ಶಾಲೆಯಲ್ಲಿ ಕಲಿತೆವು, ಕಲಿಸಿದೆವು. ಆ ಪಾಠದ ಮೂಲಪುರುಷರು ರಷ್ಯದ ಮೆಚ್ನಿಕಾಫ್ ಅವರು. ಅವರು ೧೮೮೪ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧವಾದ ಅವಲೋಕನವೂ ಶಿಲೀಂಧ್ರವನ್ನು ಕುರಿತದ್ದೇ ಎಂಬುದನ್ನು ಇಲ್ಲಿ ಹೇಳಬೇಕು. ಕೊಳದ ನೀರಿನಲ್ಲಿರುವ ಡ್ಯಾಫ್ನಿಯಾ ಎಂಬ ಕಿರುಜೀವಿಯ ಶರೀರವು ಗಾಜಿನಂತೆ ಪಾರದರ್ಶಕವಾದುದು. ಅದು ನುಂಗಿದ ಯೀಸ್ಟಿನ ಬೀಜಕಣಗಳು ಸೂಜಿಯಂತೆ ಕರುಳಿನ ಗೋಡೆಯನ್ನು ಚುಚ್ಚಿ ಒಳಹೊಕ್ಕಾಗ, ರಕ್ತಕಣಗಳು ಸುತ್ತಲೂ ಮುತ್ತಿ ಅವುಗಳನ್ನು ನುಂಗಿ ಕರಗಿಸುವುದನ್ನು ಅವರು ನೋಡಿದರು. ೧೯೦೮ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು. ಈ ನುಂಗುವ ಕಣಗಳ ಕೀರ್ತಿಯಲ್ಲಿ ಬಡಪಾಯಿ ಗೋಡೆಯನ್ನು ಯಾರೂ ಕೇಳುವವರಿಲ್ಲದೆ ಹೋದರು. ಕೋಟೆಯ ಗೋಡೆಗೆ ಬುದ್ಧಿಯಿದೆಯೆ? ಸೈನಿಕರಿಗೆ ಮಾತ್ರವಷ್ಟೆ? ಬಹುಕಾಲದವರೆಗೆ ಇದೇ ಭಾವನೆಯಿದ್ದಿತು. ಬಾಯಿಯ ಗೋಡೆಗೆ ಬುದ್ಧಿಯಿದೆಯೆಂಬುದನ್ನು ಕಂಡುಕೊಂಡದ್ದು ಬಹುಮಟ್ಟಿಗೆ ಈ ಇಪ್ಪತ್ತೊಂದನೆಯ ಶತಮಾನದ ವಿದ್ವಾಂಸರು.

ಆ ಗೋಡೆಯ ರಚನೆಯನ್ನು ನೋಡಿರಿ. ಕೆನ್ನೆಯ ಒಳಮೈಯನ್ನು ನಾಲಿಗೆಯ ತುದಿಯಿಂದ ಸವರಿದರೆ ನುಣುಪಾದ ಒಂದು ಲೋಳೆಪೊರೆಯು ತಿಳಿಯುವುದು. ಒಂದೇ ಪೊರೆಯಂತೆ ತೋರಿದರೂ ಅದರ ಮೇಲ್ಭಾಗದಲ್ಲಿ ಜೀವಕೋಶಗಳು ಒಂದರ ಮೇಲೊಂದರಂತೆ ಸುಮಾರು ನಲವತ್ತು ಐವತ್ತು ಪದರಗಳಾಗಿ ಅಡಕಿರುವುವು. ತಳದ ಪದರದಲ್ಲಿ ಹೊಸ ಕೋಶಗಳು ಹುಟ್ಟಿ, ಮೆಲ್ಲಮೆಲ್ಲನೆ ಮೇಲಕ್ಕೆ ತಳ್ಳಲ್ಪಟ್ಟು, ಕೆಲವು ವಾರಗಳಲ್ಲಿ ಮೇಲ್ಮೈಯನ್ನು ಸೇರಿ, ಕೊನೆಗೆ ಉದುರಿಹೋಗುವುವು. ಉದುರುವ ಕೋಶವು ತನ್ನ ಬೆನ್ನಿಗೆ ಅಂಟಿಕೊಂಡಿದ್ದ ಸೂಕ್ಷ್ಮಜೀವಿಗಳನ್ನೂ ಹೊತ್ತುಕೊಂಡೇ ಹೋಗುವುದು. ಎಂಜಲಿನೊಡನೆ ಹೊಟ್ಟೆಯನ್ನು ಸೇರಿ ಅಲ್ಲಿಯ ಆಮ್ಲದಲ್ಲಿ ಬೀಳುವುದು. ದಿನವೂ ಗೋಡೆಯ ಮೇಲ್ಪದರವನ್ನು ತಾನೇ ಕೆರೆದು ಹೊಸದುಮಾಡಿಕೊಳ್ಳುವ ಮನೆಯು ಲೋಕದಲ್ಲಿ ಮತ್ತೆಲ್ಲಿಯೂ ಇರಲಾರದು.

ಗೋಡೆಯ ಮುಂದೆ ಹರಿಯುವ ಕಾಲುವೆಯೂ ಸಾಮಾನ್ಯವಾದುದಲ್ಲ. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೂ ಎಂಜಲು ಸ್ರವಿಸುವುದು. ಎಂಜಲೆಂದರೆ ನಾವು ಹೇಸುವೆವು. ಮಡಿವಂತರಂತೂ ಮಾತನ್ನೇ ಎತ್ತರು. ಆದರೆ ೧೯೨೨ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಪ್ರಕಟಿಸಿದ ಲೈಸೋಜೈಮ್ ಎಂಬ ರೋಗಾಣುನಾಶಕವಸ್ತುವು ಇದರಲ್ಲಿದೆ. ೧೯೮೮ರಲ್ಲಿ ಅಮೆರಿಕದ ಸಂಶೋಧಕರು ವಿವರಿಸಿದ ಹಿಸ್ಟಾಟಿನ್ ಎಂಬ ಚಿಕ್ಕ ಪ್ರೋಟೀನುಗಳೂ ಇದರಲ್ಲಿವೆ. ಅವುಗಳಲ್ಲಿ ಐದನೆಯದೆಂದು ಎಣಿಸಲ್ಪಟ್ಟದ್ದು ಕೇವಲ ೨೪ ಅಮೈನೋ ಆಮ್ಲಗಳ ಒಂದು ಸರ. ಅದು ಕ್ಯಾಂಡಿಡಾದ ಕಣದೊಳಗೆ ನುಗ್ಗಿ ಅದನ್ನು ಕೊಲ್ಲಬಲ್ಲುದು. ರಾತ್ರಿ ನಿದ್ರೆಯಲ್ಲಿ ಈ ಕಾಲುವೆಯು ಬಹಳ ತಗ್ಗಿಹೋಗುವುದು. ಮುಪ್ಪಿನವರಲ್ಲಿ ಅನೇಕ ಔಷಧಗಳ ದೆಸೆಯಿಂದ ಹಗಲಿನಲ್ಲಿಯೂ ಬಾಯಿ ಒಣಗುವುದು. ಅಂತಹವರಿಗೆ ಶಿಲೀಂಧ್ರದ ಕಾಟವು ಹೆಚ್ಚಾಗಲು ಇದೂ ಒಂದು ಕಾರಣ.

ಇಷ್ಟೆಲ್ಲ ಆದರೂ ಒಂದು ಮುಖ್ಯವಾದ ಪ್ರಶ್ನೆಯು ಉಳಿಯುವುದು. ಗೋಡೆಯ ಜೀವಕೋಶಗಳು ದುಂಡನೆಯ ಶಿಲೀಂಧ್ರವನ್ನು ಕಂಡಕಂಡಲ್ಲೆಲ್ಲ ಗುಲ್ಲೆಬ್ಬಿಸಿ ಯುದ್ಧವನ್ನು ಹೂಡಿದರೆ, ಬಾಯಿಯು ದಿನವೂ ಬಾತುಕೊಂಡು ಉರಿಯುತ್ತಲೇ ಇರಬೇಕಾಗುವುದು; ಏಕೆಂದರೆ ಯುದ್ಧದಲ್ಲಿ ಶತ್ರುವಿನ ಮನೆ ಮಾತ್ರವೇ ಸುಡುವುದಿಲ್ಲ. ಸುಮ್ಮನೆ ಕುಳಿತರೆ ಎಂದಾದರೊಂದು ದಿನ ಎಳೆಯು ಗೋಡೆಯನ್ನು ಕೊರೆದು ಒಳಹೊಗುವುದು. ಹಾಗಾದರೆ ಕಣ್ಣಿಲ್ಲದ, ಕಿವಿಯಿಲ್ಲದ ಒಂದು ಜೀವಕೋಶವು ಅತಿಥಿಯನ್ನೂ ಕಳ್ಳನನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ?

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಜೂಲಿಯನ್ ನ್ಯಾಗ್ಲಿಕ್, ಡೇವಿಡ್ ಮಾಯ್ಸ್ ಮೊದಲಾದವರು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೆನ್ನೆಯ ಜೀವಕೋಶಗಳ ಮೇಲೆ ಈ ಶಿಲೀಂಧ್ರವನ್ನು ಬಿಟ್ಟು ಪರೀಕ್ಷಿಸಿದರು. ೨೦೧೦ರಲ್ಲಿ ಅವರು ತಿಳಿಸಿದುದು ಇದು. ಜೀವಕೋಶದ ಉತ್ತರವು ಎರಡು ಮಜಲುಗಳಲ್ಲಿ ಬರುವುದು. ಶಿಲೀಂಧ್ರವು ಯಾವ ವೇಷದಲ್ಲಿಯೇ ಬರಲಿ, ಅದು ಮುಟ್ಟಿದೊಡನೆ ಜೀವಕೋಶವು ಒಮ್ಮೆ ತಲೆಯೆತ್ತಿ ನೋಡುವುದು. ಬೇರೆ ಏನೂ ನಡೆಯದಿದ್ದರೆ ಸುಮ್ಮನಾಗುವುದು. ಎಳೆಗಳು ಬೆಳೆದು, ಅವು ಒಂದು ಮಿತಿಯನ್ನು ಮೀರಿ ಹೆಚ್ಚಿದಾಗ ಮಾತ್ರ ಎರಡನೆಯ ಮಜಲು ಏಳುವುದು. ಆಗ ಕೋಶದೊಳಗೆ ಬೇರೊಂದು ಸಂಕೇತಸರಣಿಯು ಹೊತ್ತಿಕೊಂಡು, ಅಪಾಯದ ಸುದ್ದಿಯು ದೇಹಕ್ಕೆಲ್ಲ ಹೊರಡುವುದು. ರಾತ್ರಿ ಬೀದಿಯಲ್ಲಿ ಯಾರೋ ನಡೆದುಹೋದರೆ ನಾಯಿಯು ಕಿವಿ ನಿಮಿರಿಸಿ ಮತ್ತೆ ಮಲಗುವುದು. ಬೇಲಿ ಹಾರಿದರೆ ಬೊಗಳುವುದು. ಹಾಗೆಯೇ ಇದು.

ಎಳೆಯಲ್ಲಿರುವ ಯಾವ ವಸ್ತುವು ಈ ಎರಡನೆಯ ಎಚ್ಚರವನ್ನು ಹುಟ್ಟಿಸುವುದೆಂಬುದು ಮತ್ತೆ ಆರು ವರ್ಷಗಳವರೆಗೆ ಬಗೆಹರಿಯಲಿಲ್ಲ. ಉತ್ತರವು ಬಹುಕಾಲದಿಂದ ಕಣ್ಣೆದುರಿಗೇ ಬಿದ್ದುಕೊಂಡಿದ್ದಿತು. ಎಳೆಯಾಗಿ ಬೆಳೆಯುವಾಗ ಶಿಲೀಂಧ್ರದಲ್ಲಿ ವಿಶೇಷವಾಗಿ ಕೆಲಸಮಾಡುವ ಒಂದು ಜೀನು ಇರುವುದೆಂದು ೧೯೯೩ರಲ್ಲಿಯೇ ಪ್ರಕಟವಾಗಿದ್ದು, ಅದಕ್ಕೆ ಇಸಿಇ ಒಂದು ಎಂದು ಹೆಸರನ್ನೂ ಇಟ್ಟಿದ್ದರು. ಅದರ ಪ್ರಯೋಜನವೇನೆಂದು ಮಾತ್ರ ತಿಳಿದಿರಲಿಲ್ಲ. ೨೦೧೬ರಲ್ಲಿ ಲಂಡನ್ನಿನವರೂ ಜರ್ಮನಿಯ ಯೇನಾ ನಗರದ ಬೆರ್ನ್‌ಹಾರ್ಡ್ ಹೂಬೆ ಅವರ ತಂಡದವರೂ ಕೂಡಿ ಅದನ್ನು ಬಿಡಿಸಿದರು. ಈ ಜೀನಿನಿಂದ ಹುಟ್ಟುವ ಪ್ರೋಟೀನನ್ನು ಶಿಲೀಂಧ್ರವು ತಾನೇ ಎಂಟು ತುಂಡುಗಳಾಗಿ ಕತ್ತರಿಸುವುದು. ಅವುಗಳಲ್ಲಿ ಮೂರನೆಯ ತುಂಡು, ಕೇವಲ ೩೧ ಅಮೈನೋ ಆಮ್ಲಗಳುಳ್ಳದ್ದು, ಒಂದು ವಿಷ! ಅದಕ್ಕೆ ಕ್ಯಾಂಡಿಡಾಲೈಸಿನ್ ಎಂದು ಹೆಸರಾಯಿತು. ಮನುಷ್ಯನಿಗೆ ರೋಗವನ್ನುಂಟುಮಾಡುವ ಶಿಲೀಂಧ್ರಗಳಲ್ಲಿ ಜೀವಕೋಶವನ್ನು ಒಡೆಯುವ ಇಂತಹ ವಿಷವನ್ನು ಕಂಡುಹಿಡಿದುದು ಅದೇ ಮೊದಲು.

ಅದರ ಕೆಲಸದ ರೀತಿಯು ಹೀಗೆ. ಎಳೆಯು ಜೀವಕೋಶವನ್ನು ಒತ್ತಿದಾಗ ಕೋಶದ ಪೊರೆಯು ಕೂಡಲೇ ಹರಿಯದೆ, ಬೆರಳಿನಿಂದ ಒತ್ತಿದ ಕಣಕದ ಮುದ್ದೆಯಂತೆ ಒಳಕ್ಕೆ ತಗ್ಗುವುದು. ಎಳೆಗೂ ಪೊರೆಗೂ ನಡುವೆ ಒಂದು ಕಿರಿದಾದ ಚೀಲವುಂಟಾಗುವುದು. ಎಳೆಯು ತನ್ನ ವಿಷವನ್ನು ಆ ಚೀಲದಲ್ಲಿ ಸ್ರವಿಸುವುದು. ಹೊರಗಿನ ಎಂಜಲಿನಲ್ಲಿ ಚದರಿಹೋಗದೆ ವಿಷವು ಅಲ್ಲಿಯೇ ಶೇಖರವಾಗಿ ಪೊರೆಯಲ್ಲಿ ರಂಧ್ರಗಳನ್ನು ಮಾಡುವುದು. ಆ ರಂಧ್ರಗಳ ಮೂಲಕ ಕ್ಯಾಲ್ಸಿಯಮ್ ಒಳಕ್ಕೆ ನುಗ್ಗುವುದು. ವಿಷವು ಹೆಚ್ಚಾದರೆ ಕೋಶವು ಸಾಯುವುದು. ಆದರೆ ಸಾಯುವಷ್ಟು ಆಗುವುದಕ್ಕೆ ಬಹಳ ಮೊದಲೇ, ಅತ್ಯಲ್ಪವಾದ ಮಾತ್ರೆಯಲ್ಲಿಯೇ, ಕೋಶವು ಅದನ್ನು ಅರಿತು ಎರಡನೆಯ ಮಜಲಿನ ಕೂಗನ್ನು ಎಬ್ಬಿಸಿಬಿಡುವುದು. ಈ ವಿಷವನ್ನು ಮಾತ್ರ ಮಾಡಲಾರದ ಒಂದು ತಳಿಯನ್ನು ಸಂಶೋಧಕರು ಸಿದ್ಧಪಡಿಸಿ ನೋಡಿದರು. ಅದು ಎಂದಿನಂತೆ ಎಳೆ ಬಿಟ್ಟಿತು, ಜೀವಕೋಶಕ್ಕೆ ಅಂಟಿಕೊಂಡಿತು, ಒಳಕ್ಕೂ ಚುಚ್ಚಿಕೊಂಡಿತು. ಆದರೆ ಕೋಶಕ್ಕೆ ಕೇಡಾಗಲಿಲ್ಲ, ಕೋಶವು ಕೂಗಲೂ ಇಲ್ಲ. ಶತ್ರುವಿನ ಆಯುಧವು ಯಾವುದೋ ಅದೇ ಕಾವಲಿನವನಿಗೆ ಗಂಟೆಯೂ ಆಯಿತು.

ನಮ್ಮ ಧರ್ಮಶಾಸ್ತ್ರಗಳಲ್ಲಿ ‘ಆತತಾಯಿ’ ಎಂಬ ಮಾತೊಂದು ಬರುವುದು. ಆತತ ಎಂದರೆ ಎಳೆದು ಹಿಡಿದದ್ದು. ಹೆದೆಯೇರಿಸಿದ ಬಿಲ್ಲಿನೊಡನೆ ಮೇಲೆಬಿದ್ದು ಬರುವವನೇ ಆತತಾಯಿ. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಕೈಯಲ್ಲಿ ಶಸ್ತ್ರವನ್ನು ಹಿಡಿದವನು, ನೆಲವನ್ನು ಅಪಹರಿಸುವವನು ಮುಂತಾಗಿ ಆರು ಬಗೆಯವರನ್ನು ಅಲ್ಲಿ ಎಣಿಸಿದೆ. ಅಂತಹವನನ್ನು ಎದುರಿಸಿ ಕೊಂದರೆ ದೋಷವಿಲ್ಲವೆಂದು ಸ್ಮೃತಿಕಾರರ ಮತ. ಕುಲವನ್ನೂ ಹೆಸರನ್ನೂ ಕೇಳಬೇಕಾಗಿಲ್ಲ. ಅವನು ಮಾಡಹೊರಟ ಕೃತ್ಯವೇ ಸಾಕ್ಷಿ. ಬಾಯಿಯ ಜೀವಕೋಶವೂ ಶಿಲೀಂಧ್ರದ ಜಾತಿಯನ್ನು ನೋಡಿ ದಂಡಿಸುವುದಿಲ್ಲ. ಅದು ವಿಷವಿಕ್ಕಿತೇ, ನೆಲವನ್ನು ಒತ್ತಿತೇ ಎಂಬುದನ್ನು ನೋಡುವುದು. ಸಂಸ್ಕೃತ ಓದಿದವನಿಗೆ ಇದು ತೋರಿದ ಹೋಲಿಕೆಯಷ್ಟೆ. ಪ್ರಯೋಗಶಾಲೆಯವರು ಇದನ್ನು ಒಪ್ಪಬೇಕೆಂಬ ಹಟವಿಲ್ಲ.

ವಿಷದ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ದೂತನೂ ಕುತೂಹಲಕರನಾದವನೇ. ಎಂಜಲಿನ ಗ್ರಂಥಿಯಿಂದ ಹೊರಡುವ ಒಂದು ವಸ್ತುವು ಚರ್ಮದ ಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳುವುದೆಂಬುದನ್ನು ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಗಳಲ್ಲಿ ಕಂಡುಹಿಡಿದು, ೧೯೮೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಆ ಮಾತನ್ನು ಕೇಳಿಸಿಕೊಳ್ಳುವುದಕ್ಕಾಗಿ ಕೋಶದ ಮೈಮೇಲೆ ಇರುವ ಗ್ರಾಹಕವನ್ನೇ ಕ್ಯಾಂಡಿಡಾಲೈಸಿನ್ನಿನ ಪೆಟ್ಟೂ ಎಬ್ಬಿಸುವುದೆಂದು ೨೦೧೯ರಲ್ಲಿ ತಿಳಿದುಬಂದಿತು. ಗಾಯವನ್ನು ಮಾಯಿಸುವ ಸಂದೇಶಕ್ಕೂ ಕಳ್ಳನು ಬಂದನೆಂಬ ಸಂದೇಶಕ್ಕೂ ಬಾಗಿಲೊಂದೇ ಆದುದು ಪ್ರಕೃತಿಯ ಮಿತವ್ಯಯಕ್ಕೆ ಒಂದು ಉದಾಹರಣೆ.

ಕೂಗು ಎದ್ದ ಮೇಲೆ ಏನು ನಡೆಯುವುದು? ಮೊದಲನೆಯದಾಗಿ, ಪೆಟ್ಟುತಿಂದ ಜೀವಕೋಶವು ತನ್ನ ಪೊರೆಗೆ ತಾನೇ ತೇಪೆ ಹಾಕಿಕೊಳ್ಳುವುದು. ರಂಧ್ರಬಿದ್ದ ಭಾಗವನ್ನು ಗುಳ್ಳೆಯಂತೆ ಉಬ್ಬಿಸಿ ಹೊರಕ್ಕೆ ಕಳಚಿಹಾಕುವುದು. ಒಳಗಿರುವ ಚೀಲಗಳನ್ನು ತಂದು ಪೊರೆಗೆ ಬೆಸೆದು ಕೊರತೆಯನ್ನು ತುಂಬುವುದು. ಅದೇ ಸಮಯದಲ್ಲಿ ರಾಸಾಯನಿಕ ಸಂದೇಶಗಳನ್ನು ಕಳುಹಿಸಿ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿಯ ಕಣಗಳನ್ನು ಕರೆಯುವುದು. ಇಲ್ಲಿ ಮೆಚ್ನಿಕಾಫರ ಸೈನಿಕರು ಬರುವರು. ಆದರೆ ಕರೆದದ್ದು ಗೋಡೆ. ಈ ಸೈನಿಕರು ಬಂದ ಮೇಲೆ ಗೋಡೆಯು ಕೈಕಟ್ಟಿ ಕೂರುವುದೂ ಇಲ್ಲ. ಜರ್ಮನಿಯ ಟ್ಯೂಬಿಂಗೆನ್ನಿನ ಸಂಶೋಧಕರು ೨೦೦೭ರಲ್ಲಿ ತೋರಿಸಿದಂತೆ, ನ್ಯೂಟ್ರೊಫಿಲ್‌ಗಳು ಗೋಡೆಯ ಹಿಂದೆ ನಿಂತಿದ್ದರೂ ಸಾಕು, ಅವುಗಳ ಸಂದೇಶದಿಂದ ಗೋಡೆಯ ಕೋಶಗಳಿಗೇ ಶಿಲೀಂಧ್ರವನ್ನು ತಡೆಯುವ ಬಲ ಬರುವುದು. ತರ್ಕಶಾಸ್ತ್ರದಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು: ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗನ್ನೂ ಏಕಕಾಲದಲ್ಲಿ ಬೆಳಗುವುದು. ಈ ಕೋಶಗಳ ಸ್ಥಿತಿಯೂ ಅದೇ. ಒಂದು ಮುಖವು ಹೊರಗಿನ ಶಿಲೀಂಧ್ರದ ಕಡೆಗೆ, ಇನ್ನೊಂದು ಒಳಗಿನ ರಕ್ತದ ಕಡೆಗೆ.

ಗೋಡೆಯ ಕೋಶಗಳ ಸ್ವಂತ ಆಯುಧಗಳಲ್ಲಿ ಡಿಫೆನ್ಸಿನ್‌ಗಳು ಮುಖ್ಯವಾದುವು. ಇವು ಶಿಲೀಂಧ್ರದ ಪೊರೆಯನ್ನು ಕೆಡಿಸುವ ಚಿಕ್ಕ ಪ್ರೋಟೀನುಗಳು. ಮನುಷ್ಯನ ಎರಡನೆಯ ಬೀಟಾ ಡಿಫೆನ್ಸಿನ್ನನ್ನು ೧೯೯೭ರಲ್ಲಿ ಜರ್ಮನಿಯ ಕೀಲ್ ನಗರದವರು ಕಂಡುಹಿಡಿದುದು, ಸೋರಿಯಾಸಿಸ್ ಎಂಬ ಚರ್ಮರೋಗವುಳ್ಳವರ ಮೈಯಿಂದ ಉದುರಿದ ಹೊಟ್ಟಿನಿಂದ. ಇತರರು ಗುಡಿಸಿ ಬಿಸಾಡುವುದರಲ್ಲಿ ಅವರು ಔಷಧವನ್ನು ಹುಡುಕಿದರು. ಡಿಫೆನ್ಸಿನ್ನನ್ನು ಯಥೇಚ್ಛವಾಗಿ ಮಾಡಿರೆಂದು ಕೋಶಗಳಿಗೆ ಅಪ್ಪಣೆಯನ್ನು ತರುವ ಸಂದೇಶವಾಹಕಕ್ಕೆ ಇಂಟರ್‌ಲ್ಯೂಕಿನ್ ಹದಿನೇಳು ಎಂದು ಹೆಸರು. ಅದನ್ನು ಕಳುಹಿಸುವವು ಲಿಂಫೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿಯ ಕಣಗಳಲ್ಲಿ ಕೆಲವು. ೨೦೧೬ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಸಾರಾ ಗಾಫೆನ್ ಅವರ ತಂಡದವರು ಮಾಡಿದ ಪರೀಕ್ಷೆಯು ಗೋಡೆಯ ಹಿರಿಮೆಯನ್ನು ನಿಸ್ಸಂಶಯವಾಗಿ ತೋರಿಸಿತು. ಅವರು ಇಲಿಗಳಲ್ಲಿ, ಬಾಯಿಯ ಮೇಲ್ಪದರದ ಕೋಶಗಳು ಮಾತ್ರ ಈ ಅಪ್ಪಣೆಯನ್ನು ಕೇಳಿಸಿಕೊಳ್ಳದಂತೆ ಮಾಡಿದರು. ಮೈಯಲ್ಲಿ ಉಳಿದೆಲ್ಲ ಕೋಶಗಳೂ ಸರಿಯಾಗಿದ್ದುವು. ಆದರೂ ಆ ಇಲಿಗಳ ಬಾಯಲ್ಲಿ ಶಿಲೀಂಧ್ರವು ಹಬ್ಬಿತು. ಮೈಯೆಲ್ಲಕ್ಕೂ ಕಿವುಡಾಗಿದ್ದ ಇಲಿಗಳಷ್ಟೇ ಅವೂ ನರಳಿದುವು.

ಮನುಷ್ಯರಲ್ಲಿಯೂ ಈ ಅಪ್ಪಣೆ ತಪ್ಪಿಹೋದ ಉದಾಹರಣೆಗಳಿವೆ. ಕೆಲವು ಕುಟುಂಬಗಳ ಮಕ್ಕಳಲ್ಲಿ ಹುಟ್ಟಿದಂದಿನಿಂದಲೂ ಬಾಯಿ, ಉಗುರು, ಚರ್ಮಗಳಲ್ಲಿ ಈ ಶಿಲೀಂಧ್ರವು ಬಿಡದೆ ಕಾಡುವುದು. ಇಂತಹವರಲ್ಲಿ ಕೆಲವರಿಗೆ ಇಂಟರ್‌ಲ್ಯೂಕಿನ್ ಹದಿನೇಳರ ಜೀನಿನಲ್ಲಿಯೋ ಅದರ ಗ್ರಾಹಕದ ಜೀನಿನಲ್ಲಿಯೋ ಹುಟ್ಟುದೋಷವಿರುವುದೆಂದು ೨೦೧೧ರಲ್ಲಿ ಪ್ಯಾರಿಸಿನ ವೈದ್ಯರು ತೋರಿಸಿದರು. ಸೋರಿಯಾಸಿಸ್ ರೋಗದಲ್ಲಿ ಇದೇ ಸಂದೇಶವು ಅತಿಯಾಗುವುದರಿಂದ ಈಗ ಅದನ್ನು ತಡೆಯುವ ಚುಚ್ಚುಮದ್ದುಗಳು ಬಂದಿವೆ. ಅವುಗಳನ್ನು ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಬಾಯಲ್ಲಿ ಬಿಳಿಮಚ್ಚೆಯು ಕಾಣಿಸಿಕೊಳ್ಳುವುದು. ಕಾರಣವನ್ನು ವಾಚಕರು ಈಗ ತಾವೇ ಹೇಳಬಲ್ಲರು.

ಎಲ್ಲಕ್ಕಿಂತ ದಾರುಣವಾದ ಉದಾಹರಣೆಯು ಏಡ್ಸ್ ರೋಗ. ೧೯೮೧ರ ಜೂನ್ ೫ರಂದು ಅಮೆರಿಕದ ಸರ್ಕಾರದ ಆರೋಗ್ಯಪತ್ರಿಕೆಯೊಂದರಲ್ಲಿ ಲಾಸ್ ಏಂಜಲೀಸಿನ ಐವರು ತರುಣರ ವಿಚಿತ್ರವಾದ ಶ್ವಾಸಕೋಶದ ರೋಗವು ವರದಿಯಾಯಿತು. ಲೋಕಕ್ಕೆ ಏಡ್ಸಿನ ಮೊದಲ ಸುದ್ದಿಯೇ ಅದು. ಆ ಐವರಲ್ಲಿಯೂ ಲೋಳೆಪೊರೆಗೆ ಕ್ಯಾಂಡಿಡಾ ಹಿಡಿದಿತ್ತೆಂದು ವರದಿಯಲ್ಲಿ ಬರೆದಿತ್ತು. ಎಚ್‌ಐವಿ ಎಂಬ ವೈರಸ್ಸು ಕೊಲ್ಲುವುದು ಸಹಾಯಕ ಲಿಂಫೊಸೈಟ್‌ಗಳನ್ನು. ಅಪ್ಪಣೆಯನ್ನು ಕಳುಹಿಸುವವು ಅಳಿದುಹೋದ ಮೇಲೆ ಗೋಡೆಯ ಕೈಯಲ್ಲಿ ಆಯುಧವೆಲ್ಲಿಂದ ಬರಬೇಕು? ಆದಕಾರಣ ಬೇರೆ ಯಾವ ನೆಪವೂ ಇಲ್ಲದೆ ಪ್ರಾಯದವರೊಬ್ಬರ ಬಾಯಲ್ಲಿ ಬಿಳಿಮಚ್ಚೆಯು ಕಂಡರೆ ವೈದ್ಯರು ಬಾಯಿಯನ್ನು ಮಾತ್ರ ನೋಡಿ ಕಳುಹಿಸುವುದಿಲ್ಲ.

ನೆಪಗಳು ಮನೆಯಲ್ಲಿಯೇ ಇರುವ ಸಂದರ್ಭಗಳು ಹೆಚ್ಚು. ಸೂಕ್ಷ್ಮಜೀವಿನಾಶಕ ಔಷಧಗಳನ್ನು ಬಹುದಿನ ತೆಗೆದುಕೊಂಡರೆ ಬಾಯಿಯ ಬ್ಯಾಕ್ಟೀರಿಯಗಳು ಅಳಿದು, ಅವುಗಳೊಡನೆ ಅನ್ನಕ್ಕೆ ಹೋರಾಡುತ್ತಿದ್ದ ಶಿಲೀಂಧ್ರ ಕೊಬ್ಬುವುದು. ಮಧುಮೇಹವು ಹತೋಟಿಯಲ್ಲಿ ಇಲ್ಲದಿದ್ದರೆ ಅದಕ್ಕೆ ಅನುಕೂಲ. ಕಟ್ಟಿಸಿದ ಹಲ್ಲಿನ ಕೆಳಗೆ ಎಂಜಲು ಹರಿಯದು, ಉದುರುವ ಕೋಶಕ್ಕೆ ದಾರಿಯಿಲ್ಲ. ರಾತ್ರಿ ಅದನ್ನು ತೆಗೆದು ಉಜ್ಜಿ ತೊಳೆದು ನೀರಿನಲ್ಲಿ ಇಡಬೇಕೆಂದು ದಂತವೈದ್ಯರು ಹೇಳುವುದು ಇದಕ್ಕೇ. ಉಬ್ಬಸಕ್ಕೆ ಸೇದುವ ಸ್ಟೀರಾಯ್ಡ್ ಔಷಧವು ಗಂಟಲಲ್ಲಿ ಅಂಟಿ ನಿಂತು, ಅಲ್ಲಿಯ ಕಾವಲನ್ನು ಮಂಕಾಗಿಸುವುದು. ನನ್ನ ನೆರೆಯ ವೃದ್ಧರೊಬ್ಬರು ಬಾಯಿಯ ಬಿಳಿಮಚ್ಚೆಗೆ ಹೆದರಿ ಆ ಔಷಧವನ್ನೇ ನಿಲ್ಲಿಸಿಬಿಟ್ಟರು. ಎಂಟು ದಿನಗಳಲ್ಲಿ ನಡುರಾತ್ರಿ ಉಸಿರು ಸಿಕ್ಕದೆ ಅವರನ್ನು ಆಸ್ಪತ್ರೆಗೆ ಹೊತ್ತುಕೊಂಡುಹೋಗಬೇಕಾಯಿತು. ಔಷಧವನ್ನು ಸೇದಿದೊಡನೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದ್ದರೆ ಸಾಕಾಗಿತ್ತು. ಅವರು ಈಗ ಹಾಗೆಯೇ ಮಾಡುತ್ತಿದ್ದಾರೆ. ಮಚ್ಚೆಯೂ ಇಲ್ಲ, ಉಬ್ಬಸವೂ ಹತೋಟಿಯಲ್ಲಿದೆ.

ಕೂಸುಗಳ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಾಲಿನ ಕೆನೆಯು ನಾಲಿಗೆಯ ಮೇಲೆ ನಿಂತಿದ್ದರೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದಾಗ ಹೋಗುವುದು. ಶಿಲೀಂಧ್ರದ ಮಚ್ಚೆಯು ಸುಲಭವಾಗಿ ಹೋಗದು. ಕೆರೆದರೆ ಕೆಳಗೆ ಕೆಂಪಾಗಿ ರಕ್ತವೊಸರುವುದು. ಕೆರೆಯತಕ್ಕದ್ದಲ್ಲ. ನಮ್ಮ ಮಗಳ ಚೊಚ್ಚಲ ಕೂಸಿಗೆ ಇಪ್ಪತ್ತು ದಿನಗಳಾಗಿದ್ದಾಗ ಇಂತಹ ಮಚ್ಚೆಗಳು ಕಂಡುವು. ನಮ್ಮ ಅತ್ತಿಗೆಯವರು ಜೇನುತುಪ್ಪದಲ್ಲಿ ಬಿಳಿಗಾರದ ಪುಡಿಯನ್ನು ಕಲಸಿ ಸಿದ್ಧಮಾಡಿದರು. “ಈ ಮನೆಯ ಮಕ್ಕಳೆಲ್ಲ ಇದರಲ್ಲಿಯೇ ಬೆಳೆದದ್ದು” ಎಂದು ಅವರ ವಾದ. ಅದು ಸುಳ್ಳೂ ಅಲ್ಲ. ಆದರೆ ನೋಡಲು ಬಂದ ಡಾಕ್ಟರಮ್ಮನವರು, “ಅಜ್ಜಿ, ಎರಡೂ ಬೇಡಿ. ಬಿಳಿಗಾರ ಎಳೆಗೂಸಿಗೆ ವಿಷ. ಒಂದು ವರ್ಷ ತುಂಬುವವರೆಗೆ ಜೇನನ್ನೂ ನೆಕ್ಕಿಸಬೇಡಿ” ಎಂದು ಬಟ್ಟಲನ್ನು ಪಕ್ಕಕ್ಕಿಟ್ಟರು. ಜೇನಿನಲ್ಲಿ ಒಮ್ಮೊಮ್ಮೆ ಇರುವ ಬೊಟ್ಯುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಎಳೆಗೂಸಿನ ಕರುಳಿನಲ್ಲಿ ಮೊಳೆತು, ಅಂಗಾಂಗಗಳನ್ನು ಸೋಲಿಸುವ ವಿಷವನ್ನು ಹುಟ್ಟಿಸಬಲ್ಲುವು. ಅತ್ತಿಗೆಯವರು ಎರಡು ದಿನ ಮುನಿಸಿಕೊಂಡಿದ್ದರು. ಡಾಕ್ಟರಮ್ಮನವರು ಕೂಸಿನ ಬಾಯಿಗೆ ಹನಿಯೌಷಧವನ್ನೂ, ಸೋಂಕು ಮತ್ತೆ ಮತ್ತೆ ಮರಳಿ ಹತ್ತದಂತೆ ತಾಯಿಯ ಮೊಲೆತೊಟ್ಟಿಗೆ ಲೇಪವನ್ನೂ ಬರೆದುಕೊಟ್ಟರು. ವಾರದೊಳಗಾಗಿ ಬಾಯಿ ತಿಳಿಯಾಯಿತು.

ಇಂತಹ ಸೋಂಕಿಗೆ ಇಂದಿಗೂ ಬಳಕೆಯಲ್ಲಿರುವ ನಿಸ್ಟಾಟಿನ್ ಎಂಬ ಔಷಧದ ಹುಟ್ಟೂ ಇಬ್ಬರು ಸ್ತ್ರೀಯರಿಂದಲೇ. ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜೆನ್ ಅವರು ನ್ಯೂಯಾರ್ಕ್ ನಗರದಲ್ಲಿ, ರೇಚಲ್ ಬ್ರೌನ್ ಅವರು ದೂರದ ಆಲ್ಬನಿಯಲ್ಲಿ. ಒಬ್ಬರು ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ ಸೀಸೆಯಲ್ಲಿ ಅಂಚೆಗೆ ಹಾಕುವುದು, ಇನ್ನೊಬ್ಬರು ಅದರ ಸಾರವನ್ನು ತೆಗೆದು ಅಂಚೆಯಲ್ಲಿಯೇ ಹಿಂದಿರುಗಿಸುವುದು. ವರ್ಜೀನಿಯದ ಒಂದು ಹೈನಿನ ಹೊಲದ ಮಣ್ಣಿನಲ್ಲಿ ಬೇಕಾದುದು ಸಿಕ್ಕಿ, ೧೯೫೦ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಹಕ್ಕಿನಿಂದ ಬಂದ ೧ ಕೋಟಿ ೩೦ ಲಕ್ಷ ಡಾಲರಿಗೂ ಮಿಕ್ಕ ಹಣವನ್ನು ತಾವು ಮುಟ್ಟದೆ ಸಂಶೋಧನೆಗೇ ಬಿಟ್ಟರು. ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಜಿಡ್ಡಿಗೆ ಅದು ಕಚ್ಚಿಕೊಳ್ಳುವುದು. ನಮ್ಮ ಕೋಶಗಳ ಪೊರೆಯಲ್ಲಿ ಆ ಸ್ಥಾನದಲ್ಲಿರುವುದು ಕೊಲೆಸ್ಟೆರಾಲ್. ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರದಾದ್ದರಿಂದ ಹಚ್ಚಿದ ಕಡೆಯಲ್ಲಿಯೇ ಅದರ ಕೆಲಸ.

ಮಚ್ಚೆಯು ಶಿಲೀಂಧ್ರದ್ದೇ ಹೌದೋ ಅಲ್ಲವೋ ಎಂಬ ಸಂಶಯವಿದ್ದರೆ ಪರೀಕ್ಷೆಯು ಕಷ್ಟವಲ್ಲ. ವೈದ್ಯರು ಮಚ್ಚೆಯಿಂದ ಚಿಟಿಕೆಯಷ್ಟನ್ನು ತೆಗೆದು ಗಾಜಿನ ಮೇಲೆ ಸವರಿ, ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಒಂದು ಹನಿಯನ್ನು ಬಿಡುವರು. ಉದುರಿದ ನಮ್ಮ ಕೋಶಗಳು ಅದರಲ್ಲಿ ಕರಗಿ ಮಸುಕಾಗಲು, ಶಿಲೀಂಧ್ರದ ಎಳೆಗಳು ಮಾತ್ರ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವುವು. ಒರೆಸಿದರೂ ಹೋಗದೆ ವಾರಗಟ್ಟಲೆ ಒಂದೇ ಕಡೆ ನಿಂತ ಬಿಳಿಯ ಮಚ್ಚೆ, ಅದರಲ್ಲಿಯೂ ಹೊಗೆಸೊಪ್ಪು ಅಗಿಯುವವರಲ್ಲಿ, ಬೇರೆ ಜಾತಿಯದಾಗಿರಬಹುದು. ಅದನ್ನು ಔಷಧದ ಅಂಗಡಿಯ ಲೇಪದಿಂದ ಮುಚ್ಚಿಡದೆ ದಂತವೈದ್ಯರಿಗೆ ತೋರಿಸಬೇಕು. ಎಳೆಎಳೆಯಾಗಿ ಶಿಲೀಂಧ್ರವೇ ಕಂಡು, ಹಲ್ಲಿನ ಕಟ್ಟೂ ಉಬ್ಬಸದ ಔಷಧವೂ ಬೇರೆ ಯಾವ ನೆಪವೂ ಇಲ್ಲದಿದ್ದರೆ, ರಕ್ತದ ಸಕ್ಕರೆಯನ್ನೂ ಎಚ್‌ಐವಿಯನ್ನೂ ಪರೀಕ್ಷಿಸಿಕೊಳ್ಳುವುದು ಯುಕ್ತ. ಎಚ್‌ಐವಿ ಪರೀಕ್ಷೆಯು ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾಕೇಂದ್ರಗಳಲ್ಲಿ ಉಚಿತವಾಗಿ ನಡೆಯುವುದು. ಹೆಸರನ್ನು ಗುಟ್ಟಾಗಿ ಇಡುವರು.